ಪಾಸ್ಟರ್ ಮನೆಯ ಬೀಸುಕಲ್ಲು

ಡೊಂಬಿವ್ಲಿ ಪೂರ್ವದ ಆ ಪುಟ್ಟ ಮನೆಯಲ್ಲಿ ಮನುಷ್ಯರಿಗೆ ಕಾಲು ಚಾಚಲು ಜಾಗವಿಲ್ಲದಿದ್ದರೂ ಬೀಸುಕಲ್ಲಿಗೆ ಮಾತ್ರ ಕಾಯಂ ಜಾಗವಿತ್ತು. ಪೂರ್ತಿ ಬೀಸುಕಲ್ಲೂ ಅಲ್ಲ, ಮೇಲಿನ ಕಲ್ಲು ಒಂದೇ. ಬಾಲ್ಕನಿಯ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿಗೂ ವಾಷಿಂಗ್ ಮೆಷೀನಿಗೂ ನಡುವೆ, ಸುತ್ತ ಕಬ್ಬಿಣದ ಪಟ್ಟಿ ಬಿಗಿಸಿಕೊಂಡು, ಅಂಚಿನ ಕುಳಿಯಲ್ಲಿ ತಿರುಗಿಸಲು ಹಿಡಿಯುವ ಜಾಲಿಮರದ ಗೂಟ ನಿಲ್ಲಿಸಿಕೊಂಡು, ಮನೆಯ ಹಿರಿಯನ ಹಾಗೆ ಅದು ಕೂತಿರುತ್ತಿತ್ತು. ಮೇಲೊಂದು ಕ್ರೋಶಾ ಹೊದಿಕೆ. ಅದರ ಮೇಲೆ ಯಾರೂ ಕೂರುವಂತಿಲ್ಲ, ಚೀಲ ಇಡುವಂತಿಲ್ಲ, ಮೊಬೈಲನ್ನಂತೂ ಇಡಲೇಕೂಡದು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಾಲ್ಕನಿಗೆ ಹೋಗುವ ನಳಿನಿಯ ಕಾಲಿನ ಕಿರುಬೆರಳಿಗೂ ಆ ಕಲ್ಲಿಗೂ ಮದುವೆಯಾದಾಗಿನಿಂದ ದಿನವಹಿ ಭೇಟಿ.

ಅದು ಅತ್ತೆ ಮರೆಮ್ಮನ ಅಜ್ಜಿ ಸಾರಮ್ಮ ತವರಿನಿಂದ ತಂದ ಕಲ್ಲು. ಹಾಗಂತ ಮರೆಮ್ಮ ಹೇಳುತ್ತಿದ್ದಳು. ಸಾರಮ್ಮನ ಗಂಡ ಮಾನಪ್ಪ ಬೀದರಿನ ಸೀಮೆಯಲ್ಲಿ ಮೆಥೊಡಿಸ್ಟ್ ಪಾಸ್ಟರ್. ಆ ಕಾಲದ ಪಾಸ್ಟರನೆಂದರೆ ಒಂದು ಕಡೆ ನೆಲೆ ನಿಂತವನಲ್ಲ. ವರ್ಷಕ್ಕೊಮ್ಮೆ ಕಾನ್ಫರೆನ್ಸಿನಲ್ಲಿ ಬಿಷಪ್ ಎದ್ದು ನಿಂತು ಯಾರು ಯಾವ ಊರಿಗೆ ಎಂದು ಪಟ್ಟಿ ಓದುತ್ತಾರೆ. ಓದುವ ತನಕ ಯಾರಿಗೂ ತಿಳಿಯದು, ಓದಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ‘ಬಿಷಪ್ ಓದಿದ, ನಮ್ಮ ಮುತ್ಯಾ ಎತ್ತು ಹೂಡಿದ’ ಎಂಬುದು ಮರೆಮ್ಮನ ಬಾಯಲ್ಲಿ ಗಾದೆಯೇ ಆಗಿತ್ತು; ಮುತ್ಯಾ ಎಂದರೆ ಅವರ ಕಡೆ ಅಜ್ಜ. ಹಾಗೊಮ್ಮೆ ಗುಂಡೂರವಾಡಿಗೆ ಹೋಗುವಾಗ ಬಂಡಿ ಹಳ್ಳದಲ್ಲಿ ಮಗುಚಿತಂತೆ, ಕಲ್ಲು ಬಿರುಕು ಬಿಟ್ಟಿತಂತೆ, ಆ ಊರಿನ ಕಮ್ಮಾರ ಪಟ್ಟಿ ಬಿಗಿದು ಕೊಟ್ಟನಂತೆ. ಈ ಕಥೆಯನ್ನು ನಳಿನಿ ಎಷ್ಟು ಸಲ ಕೇಳಿದ್ದಳೆಂದರೆ, ಹಳ್ಳ ಬರುವ ಹೊತ್ತಿಗೆ ಆಕೆಯ ಕೈ ತಾನೇ ಕುಕ್ಕರಿನ ಸೀಟಿ ಎಣಿಸುವುದನ್ನು ಬಿಟ್ಟು ನೀರಿಗಿಳಿದವಳಂತೆ ಸೀರೆಯ ನೆರಿಗೆ ಮೇಲೆತ್ತಿಕೊಳ್ಳುತ್ತಿತ್ತು.

ಇಷ್ಟು ವರ್ಷ ಈ ಕಥೆಗೆ ಯಾರೂ ಸಾಕ್ಷಿ ಕೇಳಿರಲಿಲ್ಲ. ಕೇಳುವಂತಾದದ್ದು ಪಕ್ಕದ ಊರು ಕಲ್ಯಾಣದ ಕನ್ನಡ ಚರ್ಚಿನ ಸಭೆಗೆ ಐವತ್ತು ವರ್ಷ ತುಂಬಿದ್ದರಿಂದ.

ಸುವರ್ಣ ಮಹೋತ್ಸವಕ್ಕೆ ಚರ್ಚಿನ ಬಾಗಿಲ ಬಳಿ ಒಂದು ಗ್ರಾನೈಟ್ ಫಲಕ ಹಾಕುವುದು, ಅದರಲ್ಲಿ ಸಭೆಯ ಮನೆತನಗಳ ಪೂರ್ವಿಕ ಬೋಧಕರ ಹೆಸರು ಕೆತ್ತಿಸುವುದು ಎಂದು ಕಮಿಟಿ ತೀರ್ಮಾನಿಸಿತು. ಆದರೆ ಈಗಿನ ಪಾಸ್ಟರ್ ಲೆಕ್ಕದ ಮನುಷ್ಯ. ಹಿಂದೆ ಒಂದು ಸ್ಮರಣ ಸಂಚಿಕೆ ತಂದಾಗ ಸಭೆಯ ಮುಕ್ಕಾಲು ಪಾಲು ತಾತಂದಿರು ಬಿಷಪ್‌ಗಳಾಗಿಬಿಟ್ಟಿದ್ದರು. ಒಬ್ಬ ತಾತನಂತೂ ಹುಟ್ಟುವ ಮೊದಲೇ ದೀಕ್ಷೆ ಪಡೆದಿದ್ದ. ಕಾಗದವಾದರೆ ರದ್ದಿಯವನಿಗೆ ಹಾಕಬಹುದು, ಗ್ರಾನೈಟನ್ನು ಏನು ಮಾಡುವುದು? ಅದಕ್ಕೇ ಈ ಸಲ ಮಿಷನ್ನಿನ ಹಳೆಯ ದಾಖಲೆಯಿಂದ ಪುರಾವೆ ತಂದವರ ಹೆಸರು ಮಾತ್ರ ಎಂದು ಅವರು ಆರಾಧನೆಯ ಕೊನೆಯಲ್ಲಿ ಸಾರಿಬಿಟ್ಟರು.

ಅಂದು ಚಹಾ, ಖಾರಿ ಬಿಸ್ಕೀಟಿನ ಹೊತ್ತಿಗೆ ಮುಕ್ತಾಬಾಯಿ ಬಂದಳು. ಮುಕ್ತಾಬಾಯಿಯದೂ ಬೀದರಿನ ಕಡೆಯ ಮನೆತನ, ಮರೆಮ್ಮನ ಓರಗೆಯವಳು, ಕಲ್ಯಾಣದಲ್ಲೇ ಮನೆ. ಆಕೆಯ ಅಜ್ಜ ರೆವರೆಂಡ್ ಸುಂದರಪ್ಪನ ಫೋಟೋ ಬಿಳಿ ಕಾಲರಿನ ಸಮೇತ ಚರ್ಚಿನ ಆಫೀಸಿನಲ್ಲೇ ತೂಗಾಡುತ್ತಿತ್ತು. ಪುರಾವೆ ಹುಡುಕುವ ಕಷ್ಟವೇ ಇಲ್ಲ. ಈ ಇಬ್ಬರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಒಂದೇ ಕೀರ್ತನೆಯನ್ನು ಬೇರೆ ಬೇರೆ ವೇಗದಲ್ಲಿ ಹಾಡುತ್ತ ಬಂದವರು.

“ಮರೆಮ್ಮಕ್ಕಾ, ನಿಮ್ಮ ಮುತ್ಯಾಂದು ಕಾಗದ ಎಲ್ಲಿ ಸಿಗ್ತಾವ ಬಿಡು,” ಎಂದಳು ಮುಕ್ತಾಬಾಯಿ, ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ. “ನಮ್ಮ ಮುತ್ಯಾ ಹೇಳ್ತಿದ್ದ. ಮಾನಪ್ಪ ಅಂದ್ರ ಪಾಸ್ಟರ್ ಅಲ್ಲಂತ. ಪಾಸ್ಟರ್ ಕುದುರಿಗಿ ಹುಲ್ಲು ಹಾಕಾಂವಂತ.”

ಮರೆಮ್ಮ ಕುಡಿಯದ ಚಹಾ ಲೋಟವನ್ನು ಬೆಂಚಿನ ಮೇಲಿಟ್ಟು ಸ್ಟೇಷನ್ನಿನ ಕಡೆ ಹೊರಟಳು. ಕಲ್ಯಾಣದಿಂದ ಡೊಂಬಿವ್ಲಿಯವರೆಗೆ ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕರೂ ಆಕೆ ಹೊರಗೆ ನೋಡಲಿಲ್ಲ. ಮನೆಗೆ ಬಂದವಳೇ ಕ್ರೋಶಾ ಹೊದಿಕೆಯನ್ನು ಸರಿಪಡಿಸಿ, ಸೊಸೆಯ ಕಡೆ ತಿರುಗಿ ಹೇಳಿದಳು:

“ನನಗ ಎಂಬತ್ತು ಆತು ನಳಿನಿ. ಹುಟ್ಟಿದಾಗಿಂದ ಪಾಸ್ಟರ್ ಮೊಮ್ಮಗಳು ಅಂತ ತಿರಗೀನಿ. ಸಾಯೂ ಮುಂದ ಹುಲ್ಲು ಹಾಕಾವನ ಮೊಮ್ಮಗಳು ಆಗಿ ಸಾಯಲೇನು?”

ನಳಿನಿ ಮೈಸೂರಿನವಳು. ರಬಾಳೆಯ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಬೆಳಗ್ಗೆ ಲೋಕಲ್‌ನಲ್ಲಿ ಡೊಂಬಿವ್ಲಿಯಿಂದ ಠಾಣೆ ಸ್ಟೇಷನ್, ಅಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಲೈನಿನ ಇನ್ನೊಂದು ಗಾಡಿ. ಸಂಜೆ ಅದೇ ದಾರಿ ತಿರುವುಮುರುವು. ಮನೆಯಲ್ಲಿ ಗಂಡ ಅಭಯ್‌ಗೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಶಿಫ್ಟು, ಮಗಳು ಅನಘಳಿಗೆ ಹತ್ತನೆಯ ಕ್ಲಾಸು. ಹುಡುಕುವ ಕೆಲಸ ಯಾರ ತಲೆಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ಕಳೆದುಹೋದ ಸಾಕ್ಸ್ ಹುಡುಕುವವರೇ ಕಳೆದುಹೋದ ಮುತ್ಯಾನನ್ನೂ ಹುಡುಕಬೇಕು, ಅದು ಲೋಕರೂಢಿ.

ಹಾಗೆ ಲೇಡೀಸ್ ಡಬ್ಬದ ಫೋರ್ಥ್ ಸೀಟಿನಲ್ಲಿ, ಅಂದರೆ ಮೂವರು ಕೂರುವಲ್ಲಿ ನಾಲ್ಕನೆಯವಳಾಗಿ ಅರ್ಧ ಸೊಂಟ ಊರಿಕೊಂಡು, ನಳಿನಿ ಹಳೆಯ ಕಾನ್ಫರೆನ್ಸ್ ವರದಿಗಳನ್ನು ಫೋನಿನಲ್ಲಿ ಓದತೊಡಗಿದಳು. ಯಾರೋ ಪುಣ್ಯಾತ್ಮರು ಅವನ್ನೆಲ್ಲ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದ್ದರು. ವರ್ಷ ವರ್ಷದ ನೇಮಕದ ಪಟ್ಟಿ. ಪಕ್ಕದ ಹೆಂಗಸು ಗೋರಿಕಾಯಿ ಮುರಿಯುತ್ತ ಇಣುಕಿ, ಶೇರು ಮಾರ್ಕೆಟ್ಟೇ ಎಂದು ಮರಾಠಿಯಲ್ಲಿ ಕೇಳಿದಳು. ಅಲ್ಲ, ಅತ್ತೆಯ ಅಜ್ಜ ಎಂದಳು ನಳಿನಿ. ಹೆಂಗಸು ಕರುಣೆಯಿಂದ ಇನ್ನೊಂದಿಂಚು ಸರಿದು ಜಾಗ ಕೊಟ್ಟಳು.

ಮಾನಪ್ಪ ಬೇಗನೆ ಸಿಕ್ಕ. ತೊಂದರೆಯೆಂದರೆ ಇಬ್ಬರು ಸಿಕ್ಕರು. ಒಬ್ಬ ಮಾನಪ್ಪ ದೀಕ್ಷೆ ಪಡೆದ ಬೋಧಕ, ಅಂದರೆ ಪಾಸ್ಟರ್; ಇನ್ನೊಬ್ಬ ಪಾಸ್ಟರ್ ಕೈಕೆಳಗಿನ, ದೀಕ್ಷೆಯಿಲ್ಲದ ಹಳ್ಳಿಯ ಉಪದೇಶಿ. ಆ ಸೀಮೆಯಲ್ಲಿ ಆ ಹೆಸರು ಅಷ್ಟು ಸಾಮಾನ್ಯ. ಇಬ್ಬರೂ ಅದೇ ಜಿಲ್ಲೆಯಲ್ಲಿ ಓಡಾಡಿದವರು. ಮರೆಮ್ಮನ ಮಾನಪ್ಪ ಯಾರು?

ಮರೆಮ್ಮನಿಗೆ ಇಸವಿಗಳು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆರಿಗೆಗಳು. ದೊಡ್ಡಪ್ಪ ಹುಟ್ಟಿದ್ದು ನಿಡವಂಚಿಯಲ್ಲಿ, ಅಪ್ಪ ಹುಟ್ಟಿದ್ದು ಹೊಸಕಟ್ಟೆಯಲ್ಲಿ, ದೊಡ್ಡ ಸೋದರತ್ತೆ ಕರಕಗೇರಿಯಲ್ಲಿ, ಕಿರಿಯ ಸೋದರತ್ತೆ ಗುಂಡೂರವಾಡಿಯಲ್ಲಿ. ಎಲ್ಲ ಮಕ್ಕಳಿಗೂ ಹುಟ್ಟೂರು ಬೇರೆ ಬೇರೆ, ಕೂಡಿ ಆಡಿದ ಅಂಗಳ ಒಂದೂ ಇಲ್ಲ. ನಳಿನಿ ಆ ಹೆರಿಗೆಗಳನ್ನು ನೇಮಕದ ಪಟ್ಟಿಯ ಪಕ್ಕ ಇಟ್ಟು ನೋಡಿದಳು. ಬೋಧಕ ಮಾನಪ್ಪನ ವರ್ಗಾವಣೆ ಹೇಗೆ ಸಾಗಿತ್ತೋ ಸಾರಮ್ಮನ ತೊಟ್ಟಿಲೂ ಹಾಗೆಯೇ ಸಾಗಿತ್ತು. ಆ ದಿನ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಆಕೆ ತನಗೆ ತಾನೇ ಒಂದು ವಡಾಪಾವ್ ಕೊಡಿಸಿಕೊಂಡಳು.

ಆದರೆ ಪಾಸ್ಟರ್ ಒಪ್ಪದೆ ತಲೆಯಾಡಿಸಿದರು. ಉಪದೇಶಿಗಳು ಬೋಧಕರ ಬೆನ್ನಿಗೇ ಊರೂರು ತಿರುಗುತ್ತಿದ್ದರು, ಅವರ ಮಕ್ಕಳೂ ಅಲ್ಲಲ್ಲೇ ಹುಟ್ಟಿರಬಹುದು. ನಿಮ್ಮ ಮನೆಗೂ ಆ ಬೋಧಕನಿಗೂ ಗಂಟು ಹಾಕುವ ಒಂದು ಸಾಲು ಬೇಕು, ತಂದರೆ ಮುಂದಿನ ಭಾನುವಾರವೇ ಕೆತ್ತುವವನಿಗೆ ಹೆಸರು ಕೊಡುತ್ತೇನೆ ಎಂದು ಅವರೇ ಒಂದು ವಿಳಾಸ ಕೊಟ್ಟರು. ಐರೋಲಿಯಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ಬೋಧಕ ದಾನಪ್ಪನವರು. ಹಿಂದೆ ಜಿಲ್ಲೆಯ ಮೇಲ್ವಿಚಾರಕರಾಗಿದ್ದವರು. ಯಾರಿಗೂ ಬೇಡವಾದ ಹಳೆಯ ದಫ್ತರಗಳನ್ನು ಒಂದು ಟ್ರಂಕಿನಲ್ಲಿ ತುಂಬಿಕೊಂಡು ಅವರು ಹೋದಲ್ಲೆಲ್ಲ ಹೊತ್ತಿದ್ದರು.

ಐರೋಲಿ ರಬಾಳೆಯಿಂದ ಒಂದೇ ಸ್ಟೇಷನ್. ಕೆಲಸ ಮುಗಿಸಿ ನಳಿನಿ ಅಲ್ಲೇ ಇಳಿದಳು. ದಾನಪ್ಪನವರ ಹೆಂಡತಿ ರೂತಮ್ಮ ಬಾಗಿಲು ತೆರೆದು, ಟ್ರಂಕಿಗಾಗಿ ಬಂದವಳೆಂದು ತಿಳಿದು ಬಹಳ ಸಂತೋಷಪಟ್ಟರು. ತೆಗೆದುಕೊಂಡು ಹೋಗಲು ಬಂದಿದ್ದಾಳೆ ಎಂದುಕೊಂಡಿದ್ದರು. ಬರೀ ನೋಡಲು ಎಂದು ಗೊತ್ತಾದಾಗ ಸಂತೋಷ ಇಳಿದರೂ ಉಪ್ಪಿಟ್ಟು ಬಂತು. ಜೀವಮಾನವೆಲ್ಲ ಬೇರೆಯವರ ಮಂಚದಲ್ಲಿ ಮಲಗಿ, ಬೇರೆಯವರ ಕೊಡದಲ್ಲಿ ನೀರು ತುಂಬಿದವಳು ನಾನು ಎಂದರು ರೂತಮ್ಮ. ಪಾಸ್ಟರ್ ಮನೆಯ ಸಾಮಾನು ಸಭೆಯ ಸ್ವತ್ತು. ಹೋಗುವವರು ಪಟ್ಟಿ ಮಾಡಿ ಬಿಟ್ಟು ಹೋಗಬೇಕು, ಬರುವವರು ಎಣಿಸಿ ಸಹಿ ಹಾಕಬೇಕು. ಒಂದು ಸೌಟು ಕಡಿಮೆಯಾದರೂ ಬರೆದಿಡುತ್ತಾರೆ. ಈ ಫ್ಲಾಟಿಗೆ ಬಂದ ದಿನ ಅಭ್ಯಾಸಬಲದಿಂದ ಅಡುಗೆಮನೆಯ ಪಾತ್ರೆ ಎಣಿಸಿ ಸಹಿ ಹಾಕಲು ಪೆನ್ನು ಕೇಳಿದೆ, ಸೊಸೆ ನಕ್ಕಳು ಎಂದು ಅವರೂ ನಕ್ಕರು.

ಆ ಪಟ್ಟಿಗಳ ಪುಸ್ತಕವೇ ಟ್ರಂಕಿನ ತಳದಲ್ಲಿತ್ತು. ದಾನಪ್ಪನವರು ಕನ್ನಡಕ ಏರಿಸಿ, ಗುಂಡೂರವಾಡಿಯ ಪುಟ ತೆಗೆದು, ಬೆರಳಿಟ್ಟರು. ಬಿಟ್ಟು ಹೋದವರ ಸಹಿ: ರೆವರೆಂಡ್ ಮಾನಪ್ಪ. ಪಟ್ಟಿಗೆ ಸಹಿ ಹಾಕುವ ಅಧಿಕಾರ ಬೋಧಕನಿಗೆ ಮಾತ್ರ, ಉಪದೇಶಿಗಿಲ್ಲ ಎಂದು ಅವರು ಹೇಳಿದರು. ನಳಿನಿಯ ಮುಖ ಅರಳಿತು. ಅವರ ಬೆರಳು ಕೆಳಗೆ ಸರಿಯಿತು. ಒಪ್ಪಿಕೊಂಡವರ ಸಹಿ: ರೆವರೆಂಡ್ ಸುಂದರಪ್ಪ. ಮುಕ್ತಾಬಾಯಿಯ ಅಜ್ಜ! ಆತನ ಕೈಬರಹ ಮುತ್ತು ಪೋಣಿಸಿದಂತಿತ್ತು:

‘ಬೀಸುಕಲ್ಲು ಒಂದು. ಕೆಳಗಣ ಕಲ್ಲು ಮಾತ್ರ ಇರುತ್ತದೆ. ಕಬ್ಬಿಣದ ಪಟ್ಟಿ ಬಿಗಿದ ಮೇಲಣ ಕಲ್ಲನ್ನು, ಗೂಟ ಸಹಿತ, ರೆವರೆಂಡ್ ಮಾನಪ್ಪನವರ ಪತ್ನಿ ಸಾರಮ್ಮನವರು ಬಂಡಿಯಲ್ಲಿ ಹೇರಿಸಿಕೊಂಡು ಹೋದುದನ್ನು ನೆರೆಯವರು ಕಂಡಿದ್ದಾರೆ. ಕಾಗದ ಬರೆಯಲಾಗಿದೆ. ಉತ್ತರವಿಲ್ಲ.’

ಅದೇ ಪುಟದ ಕೆಳಗೆ, ಮರುವರ್ಷದ ತಪಾಸಣೆಯಲ್ಲಿ ಅದೇ ಕೈ: ‘ಮೇಲಣ ಕಲ್ಲು ಬಂದಿಲ್ಲ. ಪುನಃ ಬರೆಯಲಾಗಿದೆ. ಉತ್ತರವಿಲ್ಲ.’ ಅದರ ಮರುವರ್ಷ: ‘ಮೇಲಣ ಕಲ್ಲು ಬಂದಿಲ್ಲ. ದೇವರು ನೋಡುತ್ತಾನೆ.’

ನಳಿನಿಗೆ ತನ್ನ ಕಿರುಬೆರಳು ನೆನಪಾಯಿತು. ಪಟ್ಟಿ ಬಿಗಿದ ಆ ಕಲ್ಲನ್ನು ಆಕೆಗಿಂತ ಚೆನ್ನಾಗಿ ಬಲ್ಲವರು ಲೋಕದಲ್ಲಿ ಯಾರಿದ್ದಾರೆ? ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. ಬೋಧಕ ಮಾನಪ್ಪ, ಹೆಂಡತಿ ಸಾರಮ್ಮ, ಕಲ್ಲು ಡೊಂಬಿವ್ಲಿಯಲ್ಲಿ. ಗಂಟು ಬಿತ್ತು. ಆದರೆ ಎಂಥ ಗಂಟು! ಪಾಸ್ಟರ್ ಮುತ್ಯಾ ಬೇಕೆಂದರೆ ಕಳ್ಳಿ ಅಜ್ಜಿಯನ್ನೂ ಜೊತೆಗೇ ಒಪ್ಪಿಕೊಳ್ಳಬೇಕು. ಅದೂ ಮುಕ್ತಾಬಾಯಿಯ ಎದುರಿಗೆ, ಮುಕ್ತಾಬಾಯಿಯ ಅಜ್ಜನ ಕೈಬರಹದಲ್ಲಿ.

ಫೋಟೋ ತೆಗೆದುಕೊಂಡು ಏಳುವ ಮುನ್ನ, ಯಾಕೋ, ಆಕೆ ಇನ್ನೊಂದು ಪುಟ ತಿರುಗಿಸಿದಳು. ಸುಂದರಪ್ಪನವರಿಗೂ ವರ್ಗವಾಗಿತ್ತು. ಅವರ ನಂತರ ಬಂದ ಪಾಸ್ಟರ್ ದಪ್ಪಕ್ಷರದಲ್ಲಿ ಬರೆದಿದ್ದ: ‘ಬೀಸುಕಲ್ಲು ಇಲ್ಲ. ಕೆಳಗಣದೂ ಇಲ್ಲ.’

ನಳಿನಿ ಆ ಪುಟದ ಫೋಟೋವನ್ನೂ ತೆಗೆದಳು. ಕೈ ಸ್ವಲ್ಪವೂ ಅಲುಗಲಿಲ್ಲ.

ಮನೆಯಲ್ಲಿ ವಿಷಯ ಒಡೆಯುವುದು ಹೇಗೆ ಎಂದು ಠಾಣೆಯಿಂದ ಡೊಂಬಿವ್ಲಿಯ ತನಕ ಲೆಕ್ಕ ಹಾಕಿದ್ದೆಲ್ಲ ವ್ಯರ್ಥವಾಯಿತು. ಅನಘ ಫೋನ್ ಕಸಿದುಕೊಂಡು, ಕನ್ನಡ ಓದಲು ಬರದಿದ್ದರೂ ಅಪ್ಪನಿಂದ ಓದಿಸಿ ತಿಳಿದುಕೊಂಡು, ಕಲ್ಲಿನ ಕಡೆ ಗೌರವದಿಂದ ನೋಡಿ, “ಆಜಿ, ಯೇ ತೋ ಚೋರಿ ಕಾ ಮಾಲ್ ಹೈ,” ಎಂದು ಅದಕ್ಕೆ ಕಳ್ಳಮಾಲಿನ ಪಟ್ಟ ಕಟ್ಟಿದಳು.

ಮರೆಮ್ಮ ಕ್ರೋಶಾ ಹೊದಿಕೆಯನ್ನು ಎಳೆದು ಕಲ್ಲಿನ ಪೂರ್ತಿ ಮುಖ ಮುಚ್ಚಿದಳು, ಕಲ್ಲಿಗೆ ಕೇಳಬಾರದೆಂಬಂತೆ. ಅಭಯ್ ಸಮಾಧಾನ ಹೇಳಹೋದ. ಮೊದಲ ಪುಟದ ಸಹಿಯ ಭಾಗ ಮಾತ್ರ ಕತ್ತರಿಸಿ ತೋರಿಸಿದರಾಯಿತು ಎಂದ. ಹಾಗೆ ಮಾಡಿದರೆ ಸಾರಮ್ಮನ ಹೆಸರೂ ಕಲ್ಲೂ ಎರಡೂ ಕತ್ತರಿಸಿ ಹೋಗಿ, ಮತ್ತೆ ಇಬ್ಬರು ಮಾನಪ್ಪಂದಿರೇ ಉಳಿಯುತ್ತಾರೆ ಎಂದಳು ನಳಿನಿ. ಹಾಗಾದರೆ ಎರಡನೆಯ ಪುಟ ಹಿಡಿದು ಹೋಗಿ, ಅವರಜ್ಜನ ಬಣ್ಣವನ್ನೂ ಬಯಲು ಮಾಡಿ ಎಂದ ಅಭಯ್. ಆ ಮಾತಿಗೆ ಮರೆಮ್ಮ ಒಮ್ಮೆ ತಲೆಯೆತ್ತಿದಳು. ಮತ್ತೆ ತಗ್ಗಿಸಿದಳು. ಆ ರಾತ್ರಿ ಊಟಕ್ಕೆ ಕೂತವಳು ರೊಟ್ಟಿ ಮುರಿದದ್ದೇ ಮುರಿದದ್ದು.

ಮರುದಿನ ಬೆಳಗ್ಗೆ ನಳಿನಿ ಡಬ್ಬ ಕಟ್ಟುವಾಗ ಆಕೆ ಅಡುಗೆಮನೆಯ ಬಾಗಿಲಿಗೆ ಒರಗಿ, ಹಾಗೆ ಸುಮ್ಮನೆ ನೆನಪಾದವಳಂತೆ, ಬೇರೊಂದು ಕಥೆ ಹೇಳಿದಳು. ಮಿಷನ್ನಿನ ಮೇಲಿನ ಕಲ್ಲು ಮೊದಲೇ ಒಡೆದಿತ್ತಂತೆ. ಕಮಿಟಿಯವರಿಗೆ ಎಷ್ಟು ಹೇಳಿದರೂ ಹೊಸದು ಕೊಡಿಸಲಿಲ್ಲವಂತೆ. ಸಾರಮ್ಮ ತವರಿನಿಂದ ತಂದ ತನ್ನ ಸ್ವಂತ ಕಲ್ಲನ್ನು ಮಿಷನ್ನಿನ ಕೆಳಗಲ್ಲಿನ ಮೇಲೆ ಕೂರಿಸಿ ಬೀಸಿದಳಂತೆ. ಹೋಗುವಾಗ ತನ್ನದನ್ನು ತಾನು ಒಯ್ದಳಂತೆ. ಅದರಲ್ಲೇನು ತಪ್ಪು?

“ಹಾಗಾದ್ರೆ ಅವರ ಸ್ವಂತದ ಕೆಳಗಿನ ಕಲ್ಲು ಏನಾಯ್ತು ಅತ್ತೆ?” ಎಂದು ನಳಿನಿ ಕೇಳಿದಳು, ಚಪಾತಿ ಮಡಿಸುತ್ತ.

“ಹಳ್ಳದಾಗ ಬಿತ್ತು,” ಎಂದಳು ಮರೆಮ್ಮ, ಒಂದು ಕ್ಷಣವೂ ತಡೆಯದೆ.

ಇಷ್ಟು ವರ್ಷದ ಕಥೆಯಲ್ಲಿ ಹಳ್ಳಕ್ಕೆ ಬಂಡಿ ಬಿದ್ದಿತ್ತು, ಎತ್ತು ಬಿದ್ದಿತ್ತು, ಒಮ್ಮೊಮ್ಮೆ ಮುತ್ಯಾನೂ ಬಿದ್ದಿದ್ದ. ಕೆಳಗಿನ ಕಲ್ಲು ಬಿದ್ದದ್ದು ಅಂದೇ ಮೊದಲು. ನಳಿನಿ ತುಟಿ ಕಚ್ಚಿಕೊಂಡು ಡಬ್ಬದ ಮುಚ್ಚಳ ಬಿಗಿದಳು. ಸುಳ್ಳಿರಬಹುದು, ನಿಜವೂ ಇರಬಹುದು. ಬಸುರಿ ಹೆಂಗಸೊಬ್ಬಳು ವರ್ಷ ವರ್ಷ ಬೇರೆಯವರ ಒಲೆ ಹಚ್ಚುತ್ತ, ಕೊನೆಗೆ ಒಂದು ಕಲ್ಲಾದರೂ ನನ್ನದು ಎಂದು ಬಂಡಿಗೆ ಹೇರಿದ್ದರೆ ಅದನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಶನಿವಾರ ಮರೆಮ್ಮ ಕಲ್ಲನ್ನು ತೊಳೆದಳು. ಭಾನುವಾರ ಅನಘಳ ಹಳೆಯ ಸ್ಕೂಲ್ ಬ್ಯಾಗಿನಲ್ಲಿ ಅದನ್ನು ತುಂಬಿಸಿದಳು. ಏನು ಮಾಡುವವಳು ಎಂದು ಕೇಳಿದರೆ ಬಾಯಿ ಬಿಡಲೊಲ್ಲಳು. ಅಭಯ್ ಬೆನ್ನಿಗೇರಿಸಿಕೊಂಡು ಎರಡು ಹೆಜ್ಜೆ ಇಟ್ಟು, ಅಮ್ಮನ ಅಜ್ಜಿ ಕದ್ದಿದ್ದರೂ ದುಡಿದೇ ಕದ್ದಿದ್ದಾಳೆ ಎಂದ. ರಿಕ್ಷಾದವನು ಬ್ಯಾಗ್ ಒಳಗಿಟ್ಟ ಸದ್ದು ಕೇಳಿ, ಹುಡುಗರ ಓದು ಬಹಳ ಭಾರವಾಯಿತೆಂದು ಸರ್ಕಾರವನ್ನು ಬೈದ.

ಆರಾಧನೆ ಮುಗಿದು ಚಹಾ ಬಂತು. ಪಾಸ್ಟರ್ ಮೇಜಿನ ಬಳಿ ಫಲಕದ ಹೆಸರುಗಳ ಕಾಗದ ಹಿಡಿದು ಕೂತಿದ್ದರು. ಮರೆಮ್ಮ ಸೊಸೆಗೆ ಸನ್ನೆ ಮಾಡಿದಳು. ನಳಿನಿ ಮೊದಲ ಪುಟ ತೆರೆದ ಫೋನನ್ನು ಪಾಸ್ಟರ್ ಕೈಗೆ ಕೊಟ್ಟಳು. ಅವರು ಓದಿದರು, ಓದುತ್ತ ಕೆಮ್ಮಿದರು, ಪಕ್ಕದಲ್ಲೇ ನಿಂತಿದ್ದ ಮುಕ್ತಾಬಾಯಿಗೆ ಫೋನ್ ದಾಟಿಸಿದರು. ಅಜ್ಜನ ಅಕ್ಷರವೆಂದು ಗುರುತು ಹಿಡಿದವಳೇ ಮುಕ್ತಾಬಾಯಿ ಅದನ್ನು ಸುವಾರ್ತೆಯ ಪಾಠದಂತೆ ಎಲ್ಲರಿಗೂ ಕೇಳುವ ಹಾಗೆ ಓದಿದಳು. ‘ಬಂಡಿಯಲ್ಲಿ ಹೇರಿಸಿಕೊಂಡು ಹೋದುದನ್ನು’ ಎಂಬಲ್ಲಿ ಸ್ವಲ್ಪ ನಿಲ್ಲಿಸಿದಳು. ‘ದೇವರು ನೋಡುತ್ತಾನೆ’ ಎಂಬುದನ್ನು ಎರಡು ಸಲ ಓದಿದಳು. ಚಹಾ ಲೋಟಗಳೆಲ್ಲ ಗಾಳಿಯಲ್ಲೇ ನಿಂತವು.

ಮರೆಮ್ಮ ಬಗ್ಗಿ ಬ್ಯಾಗಿನ ಜಿಪ್ ಎಳೆದಳು.

“ನಿಮ್ಮ ಮುತ್ಯಾ ಮೂರು ವರ್ಷ ಕೇಳ್ಯಾನ, ನಮ್ಮವರು ಉತ್ತರ ಕೊಟ್ಟಿಲ್ಲ,” ಎಂದಳು. “ಉತ್ತರ ತಂದೀನಿ. ತಗೋ ಮುಕ್ತಾ.”

ಹೊಳೆಯುವ ಕರಿಕಲ್ಲು, ಕಬ್ಬಿಣದ ಪಟ್ಟಿ, ಸವೆದು ನುಣುಪಾದ ಗೂಟ. ಓದಿದ್ದೆಲ್ಲ ಎದುರಿಗೆ ಬಂದು ಕೂತಿತು. ಮುಕ್ತಾಬಾಯಿ ಕಲ್ಲನ್ನು ನೋಡಿದಳು. ನೋಡುತ್ತ ಆಕೆಯ ಮುಖದ ಗೆಲುವು, ಬಿಸಿ ಚಹಾದಲ್ಲಿ ಹೆಚ್ಚು ಹೊತ್ತು ಬಿಟ್ಟ ಬಿಸ್ಕೀಟಿನಂತೆ, ಮೆಲ್ಲಗೆ ಕುಸಿಯಿತು. ಕಲ್ಲಿನ ನಡುವಿನ ತೂತನ್ನೇ ಆಕೆ ದಿಟ್ಟಿಸುತ್ತಿದ್ದಳು, ಅದರಲ್ಲಿ ಕೂರಬೇಕಾದ ಕೆಳಗಲ್ಲಿನ ನಡುಗೂಟ ಎಲ್ಲಿದೆಯೆಂದು ಬಲ್ಲವಳ ಹಾಗೆ. ನಳಿನಿಗೆ ಆಗಲೇ ಅರ್ಥವಾಗಿಹೋಯಿತು.

ಮುಕ್ತಾಬಾಯಿ ತಗ್ಗಿದ ದನಿಯಲ್ಲಿ ಕೇಳಿದಳು.

“ಇದರ ಮುಂದಿನ ಪುಟ ಅದನೇನು?”

ನಳಿನಿಯ ಬೆರಳು ಫೋನಿನ ಕಡೆ ಹೊರಟಿತ್ತು. ಒಂದು ಸಲ ಎಡಕ್ಕೆ ಸರಿಸಿದರೆ ಸಾಕು, ಜೀವಮಾನದ ಕುದುರೆಹುಲ್ಲಿಗೆಲ್ಲ ಒಂದೇ ಏಟಿಗೆ ಉತ್ತರ. ಅತ್ತೆಯ ಮೊಣಕೈ ಆಕೆಯ ಪಕ್ಕೆಗೆ ಬಂದು ತಿವಿಯಿತು.

“ಇತ್ತಂತ,” ಎಂದಳು ಮರೆಮ್ಮ. “ನಮ್ಮ ನಳಿನಿಗಿ ಫೋಟೋ ಹಿಡೀಲಿಕ್ಕಿ ಎಲ್ಲಿ ಬರ್ತದ. ಕೈ ಅಲ್ಲಾಡಿಸಿಬಿಟ್ಟಾಳ. ಒಂದು ಅಕ್ಷರನೂ ಕಾಣಲ್ಲ. ಮೈಸೂರಿನವರ ಕೈನೂ ಅವರ ಮಾತಿನಂಗ, ಬರೀ ಮೆತ್ತಗ.”

ಲ್ಯಾಬಿನಲ್ಲಿ ಮಿಲಿಗ್ರಾಮ್ ಅಳೆಯುವ ನಳಿನಿ ಹೌದೆಂದು ತಲೆಯಾಡಿಸಿದಳು.

ಮುಕ್ತಾಬಾಯಿ ಮರೆಮ್ಮನನ್ನೇ ನೋಡಿದಳು. ಇಬ್ಬರು ಮುದುಕಿಯರ ನಡುವೆ ಏನು ದಾಟಿತೋ, ಸುತ್ತಲಿದ್ದವರಿಗೆ ತಿಳಿಯಲಿಲ್ಲ. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಪಾಸ್ಟರ್ ಕಡೆ ತಿರುಗಿದಳು.

“ಏನ್ ನೋಡ್ಲತ್ತೀರಿ ಪಾಸ್ಟರ್, ಬರಕೋರಿ. ರೆವರೆಂಡ್ ಮಾನಪ್ಪ. ನಮ್ಮ ಮುತ್ಯಾನೇ ಬರದಾನಲ್ಲ ರೆವರೆಂಡ್ ಅಂತ. ಸಿಟ್ಟಿನಾಗ ಬರದಾನ, ಸಿಟ್ಟಿನಾಗ ಯಾರನೂ ದೊಡ್ಡವನು ಮಾಡಿ ಬರಿಯಲ್ಲ. ಇದಕಿಂತ ಸಾಕ್ಷಿ ಯಾವುದು ಬೇಕು?”

ಕುದುರೆಗೆ ಹುಲ್ಲು ಹಾಕುವವನ ಮಾತನ್ನು ಯಾರೋ ಎತ್ತಿದರು. ಆ ಮಾನಪ್ಪ ಬೇರೆ ಎಂದುಬಿಟ್ಟಳು ಮುಕ್ತಾಬಾಯಿ.

ಕಲ್ಲು ಮಾತ್ರ ಯಾರಿಗೆ ಸೇರಬೇಕೆಂಬುದು ತೀರಲಿಲ್ಲ. ನನಗೆ ಬೇಡ ಎಂದಳು ಮುಕ್ತಾಬಾಯಿ, ಅದು ಮಿಷನ್ನಿನದು. ಕೊಟ್ಟದ್ದನ್ನು ಹಿಂದೆ ಒಯ್ಯುವುದಿಲ್ಲ ಎಂದಳು ಮರೆಮ್ಮ. ಅಭಯ್‌ನಂತೂ ಮತ್ತೆ ಬೆನ್ನಿಗೇರಿಸಲು ತಯಾರಿರಲಿಲ್ಲ. ಕೊನೆಗೆ ಅದು ಚರ್ಚಿನ ಹಿಂದಿನ ಪಾಸ್ಟರ್ ಮನೆಯ ವರಾಂಡದಲ್ಲಿ ಉಳಿಯಿತು.

ಮುಂದಿನ ಭಾನುವಾರ ಆರಾಧನೆಗೆ ಮೊದಲೇ ಮುಕ್ತಾಬಾಯಿಯ ರಿಕ್ಷಾ ಚರ್ಚಿನ ಗೇಟಿನೊಳಗೇ ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ಮುಕ್ತಾಬಾಯಿಯಲ್ಲ, ಒಂದು ಗೋಣಿಚೀಲ. ಮನೆಯಲ್ಲಿ ಮನಿಪ್ಲಾಂಟಿನ ಕುಂಡದ ಕೆಳಗೆ ಯಾವುದೋ ಕಲ್ಲು ಬಿದ್ದಿತ್ತು, ಯಾರದೋ ಏನೋ, ಗುಡಿಸಲು ಅಡ್ಡವಾಗುತ್ತಿತ್ತು, ಅದಕ್ಕೇ ತಂದೆ ಎಂದು ಆಕೆ ಕೇಳದವರಿಗೂ ಹೇಳಿದಳು. ಕೆಳಗಿನ ಕಲ್ಲಿನ ನಡುಗೂಟಕ್ಕೆ ಮೇಲಿನ ಕಲ್ಲನ್ನು ಕೂರಿಸಿದರು. ಕೂತಿತು. ಸ್ವಲ್ಪ ಅಲುಗಾಡಿತು. ತಿರುಗಿಸಿದರೆ ಗುರ್ರೆಂದಿತು. ಹಿಟ್ಟು ಬೀಳಲಿಲ್ಲ, ಜೋಳದ ನುಚ್ಚು ಬಿತ್ತು. ಸುವರ್ಣ ಮಹೋತ್ಸವದ ದಿನ ಆ ಇಬ್ಬರೂ ಎದುರುಬದುರು ಕಾಲು ಚಾಚಿ ಕೂತು, ಒಂದೇ ಗೂಟಕ್ಕೆ ಇಬ್ಬರ ಕೈ ಹಾಕಿ, ಒಂದು ಹಿಡಿ ಹಾಕಬೇಕೋ ಎರಡು ಹಿಡಿಯೋ ಎಂದು ಜಗಳಾಡುತ್ತ ನುಚ್ಚು ಬೀಸಿದರು. ಫಲಕದಲ್ಲಿ ಮಾನಪ್ಪನ ಹೆಸರು ಸುಂದರಪ್ಪನ ಹೆಸರಿಗಿಂತ ಮೇಲೆ ಬಂದಿತ್ತು. ಗುಂಡೂರವಾಡಿಗೆ ಮೊದಲು ಹೋದವನು ಅವನೇ ತಾನೆ. ಮುಕ್ತಾಬಾಯಿ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, ತನ್ನ ಅಜ್ಜನ ಹೆಸರಿನ ಅಕ್ಷರ ಸ್ವಲ್ಪ ದಪ್ಪಗಿದೆ ಎಂದು ಸಮಾಧಾನ ಮಾಡಿಕೊಂಡಳು.

ಬೇಸಿಗೆಗೆ ಬಿಷಪ್ ಪಟ್ಟಿ ಓದಿದರು. ಲೆಕ್ಕದ ಪಾಸ್ಟರಿಗೆ ಬೇರೆ ಊರಾಯಿತು. ಹೋಗುವ ಮೊದಲು ಅವರು ಮನೆಯ ಸಾಮಾನಿನ ಪಟ್ಟಿಗೆ ಹೊಸದೊಂದು ಸಾಲು ಸೇರಿಸಿದರು: ‘ಬೀಸುಕಲ್ಲು ಒಂದು, ಮೇಲಿನ ಕಲ್ಲು, ಕೆಳಗಿನ ಕಲ್ಲು, ಗೂಟ ಸಹಿತ.’ ಹೊಸ ಪಾಸ್ಟರ್ ಬಂದರು, ಹೆಂಡತಿಯೊಂದಿಗೆ ಮಂಚ, ಕುರ್ಚಿ, ಸಿಲಿಂಡರ್ ಎಣಿಸುತ್ತ ವರಾಂಡಕ್ಕೆ ಬಂದರು, ಕಲ್ಲಿನ ಬಳಿ ಕೂತು ಎದ್ದರು. ಆ ಭಾನುವಾರ ಪ್ರಕಟಣೆಗಳ ಕೊನೆಯಲ್ಲಿ ಅವರು, ಯಾರ ಮೇಲೂ ಸಂಶಯವಿಲ್ಲ, ಆದರೆ ಬೀಸುಕಲ್ಲಿನ ಗೂಟ ಕಾಣುತ್ತಿಲ್ಲ, ಸಿಕ್ಕವರು ದಯವಿಟ್ಟು ತಂದುಕೊಡಬೇಕು ಎಂದರು.

ಬೆಂಚಿನ ಆ ತುದಿಯಿಂದ ಮುಕ್ತಾಬಾಯಿ ಈ ತುದಿಗೆ ನೋಡಿದಳು. ಮರೆಮ್ಮ ಕೀರ್ತನೆಯ ಪುಸ್ತಕದಲ್ಲಿ ಪುಟ ಹುಡುಕುತ್ತಿದ್ದಳು.

ಸಂಜೆ ನಳಿನಿ ಬಕೆಟ್ ಹಿಡಿದು ಬಾಲ್ಕನಿಗೆ ಹೋದಳು. ಚಪ್ಪಲಿ ಸ್ಟ್ಯಾಂಡಿಗೂ ವಾಷಿಂಗ್ ಮೆಷೀನಿಗೂ ನಡುವೆ ಈಗ ಧಾರಾಳ ಜಾಗವಿತ್ತು, ಕಾಲಿಗೆ ಏನೂ ತಾಗಲಿಲ್ಲ. ಅದೇ ಒಂದು ಬಗೆಯಲ್ಲಿ ಎಡವಿದಂತಾಯಿತು. ಒಣಗಿದ ಸೀರೆ ಮಡಿಸಿ ಅತ್ತೆಯ ಕಪಾಟಿನಲ್ಲಿಡಲು ಹೋದರೆ, ಸೀರೆಗಳ ಅಡಿಯಲ್ಲಿ ಕ್ರೋಶಾ ಹೊದಿಕೆಯಲ್ಲಿ ಸುತ್ತಿದ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿತು. ಬಿಚ್ಚುವುದೇ ಬೇಕಿರಲಿಲ್ಲ. ಸವೆದು ನುಣುಪಾದ ಜಾಲಿಮರ.

“ಅತ್ತೆ,” ಎಂದಳು ನಳಿನಿ.

ಮರೆಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಕಲ್ಲು ಮಿಷನ್ನಿಂದು ಇದ್ದೀತು, ನಾ ಬ್ಯಾಡ ಅನ್ನಲ್ಲ,” ಎಂದಳು. “ಗೂಟ ಮಾತ್ರ ನಮ್ಮಜ್ಜಿ ತವರಿಂದ ತಂದದ್ದು.”